ತಳಿ ಕೆಟ್ಟಿತೋ, ತುಕ್ಕು ಬದಲಾಯಿತೋ: ಎಸ್. 795 ಕಾಫಿಯ ಪ್ರಕರಣ

ಮಳೆ ಹಿಂದೆ ಸರಿದು ಕಾಯಿ ಬಲಿಯುವ ಹೊತ್ತಿಗೆ ಆಲ್ದೂರು, ಬಾಳೆಹೊನ್ನೂರು, ಕೊಪ್ಪ, ಸಕಲೇಶಪುರದ ಕಡೆಯ ಅರೇಬಿಕಾ ತೋಟಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಅಪ್ಪಯ್ಯನ ಕಾಲದಲ್ಲಿ ಸೆವೆನ್ ನೈಂಟಿ ಫೈವ್‌ಗೆ ರಸ್ಟ್ ಇಷ್ಟೊಂದು ಬರ್ತಿರಲಿಲ್ಲ. ಈಗ ತಳಿಯೇ ಕೆಟ್ಟೋಗಿದೆ." ಸೆವೆನ್ ನೈಂಟಿ ಫೈವ್ ಎಂದರೆ ಎಸ್. 795 ಎಂಬ ಅರೇಬಿಕಾ ತಳಿ, ರಸ್ಟ್ ಎಂದರೆ ಎಲೆ ಉದುರಿಸುವ ತುಕ್ಕು ರೋಗ. ದೂರು ಮೊದಲು ಬೀಜದ ಮೇಲೆ, ಆಮೇಲೆ ನರ್ಸರಿಯವರ ಮೇಲೆ, ಕೊನೆಗೆ ಗೊಬ್ಬರದ ಮೇಲೆ ಹೋಗುತ್ತದೆ. ಬೀಜ ಕಲಬೆರಕೆ ಆಗಿರುವ ತೋಟಗಳೂ ಇವೆ, ಇಲ್ಲವೆನ್ನಲಾಗದು. ಆದರೆ ಐವತ್ತು ವರ್ಷದ ಹಿಂದೆ ನೆಟ್ಟ ಗಿಡವೇ ಇಂದು ಎಲೆ ಉದುರಿಸುತ್ತಿದ್ದರೆ ಕಲಬೆರಕೆಯ ಮಾತು ನಿಲ್ಲುವುದಿಲ್ಲ. ನೆಟ್ಟ ದಿನ ಅದರ ಜೀವಕೋಶದಲ್ಲಿದ್ದ ಜೀನ್‌ಗಳೇ ಈಗಲೂ ಇವೆ. ಬದಲಾದದ್ದು ಎಲೆಯ ಅಡಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರ. ಜೀವವಿಕಾಸ ಎಂದರೆ ಲಕ್ಷಾಂತರ ವರ್ಷದ ಹಿಂದಿನ ಮೂಳೆಯ ಕಥೆ ಎಂದುಕೊಂಡವರಿಗೆ ಈ ಪ್ರಕರಣ ಒಳ್ಳೆಯ ಮದ್ದು. ಒಬ್ಬ ಬೆಳೆಗಾರನ ಆಯಸ್ಸಿನೊಳಗೆ, ಅದೂ ಇದೇ ಗುಡ್ಡಗಳಲ್ಲಿ, ಅದು ಒಂದಲ್ಲ ಎರಡು ಸಲ ನಡೆದಿದೆ.

ಎಲೆಯ ಅಡಿಯಲ್ಲಿ

ರೋಗ ಹಿಡಿದ ಎಲೆಯನ್ನು ಮಗುಚಿ ನೋಡಿದರೆ ಕಿತ್ತಳೆ ಬಣ್ಣದ ಪುಡಿ ಕಾಣುತ್ತದೆ. ಬೆರಳಲ್ಲಿ ಒರೆಸಿದರೆ ಅರಿಶಿನದಂತೆ ಅಂಟುತ್ತದೆ. ಪುಡಿಯ ಒಂದೊಂದು ಕಣವೂ ಒಂದು ಬೀಜಕಣ, ಉದ್ದ ಸುಮಾರು 0.03 ಮಿಲಿಮೀಟರ್. ಸೂಕ್ಷ್ಮದರ್ಶಕದಲ್ಲಿ ಅದು ಕಿತ್ತಳೆಯ ತೊಳೆಯ ಹಾಗೆ ಕಾಣುತ್ತದೆ: ಉಬ್ಬಿದ ಬೆನ್ನಿನ ಮೇಲೆ ಮುಳ್ಳು ಮುಳ್ಳು, ಒಳಬದಿ ನುಣ್ಣಗೆ. ಈ ಶಿಲೀಂಧ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. 'ಹೆಮಿಲಿಯಾ' ಎಂದರೆ ಅರ್ಧ ನುಣುಪು. 'ವಾಸ್ಟಾಟ್ರಿಕ್ಸ್' ಎಂದರೆ ಹಾಳುಗೆಡಹುವಂಥದ್ದು. ಸಿಲೋನಿನಿಂದ ಬಂದ ಎಲೆಗಳನ್ನು ನೋಡಿ ಬರ್ಕ್ಲಿ ಮತ್ತು ಬ್ರೂಮ್ ಎಂಬ ಇಬ್ಬರು ಈ ಹೆಸರಿಟ್ಟದ್ದು 1869ರಲ್ಲಿ, ಡಾರ್ವಿನ್ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಹತ್ತು ವರ್ಷಕ್ಕೆ. ಸಿಲೋನ್ ಕಾಫಿ ಬಿಟ್ಟು ಚಹಾ ಹಿಡಿದದ್ದು ಈ ಹೊಡೆತಕ್ಕೆ.

ಬೀಜಕಣ ಮೊಳೆಯಬೇಕಾದರೆ ಎಲೆಯ ಮೇಲೆ ನೀರು ನಿಂತಿರಬೇಕು. ಗಾಳಿಯ ತೇವ ಸಾಲದು, ಹನಿಯೇ ಬೇಕು. ಕತ್ತಲಿದ್ದರೆ ಒಳ್ಳೆಯದು, ಶಾಖ 21ರಿಂದ 25 ಡಿಗ್ರಿ ಇದ್ದರೆ ಇನ್ನೂ ಒಳ್ಳೆಯದು. ಮಲೆನಾಡಿನ ಮಳೆಗಾಲದ ರಾತ್ರಿಯನ್ನು ಇದಕ್ಕಾಗಿಯೇ ಅಳತೆ ಮಾಡಿ ಹೊಲಿದಂತಿದೆ. ಮೊಳಕೆ ಎಲೆಯ ಅಡಿಯ ಪತ್ರರಂಧ್ರ ಹುಡುಕಿಕೊಂಡು ಒಳಹೊಕ್ಕು ಜೀವಕೋಶಗಳಿಗೆ ಹೀರುಕೊಳವೆ ಚುಚ್ಚುತ್ತದೆ. ಮೂರರಿಂದ ಐದು ವಾರದ ಮೇಲೆ ಅದೇ ರಂಧ್ರಗಳಿಂದ ಹೊಸ ಬೀಜಕಣಗಳ ಗೊಂಚಲು ಹೊರಬರುತ್ತದೆ. ಒಂದು ಮಚ್ಚೆ ಮೂರ್ನಾಲ್ಕು ತಿಂಗಳಲ್ಲಿ ನಾಲ್ಕಾರು ಫಸಲು ಕೊಟ್ಟು ಮೂರರಿಂದ ನಾಲ್ಕು ಲಕ್ಷ ಬೀಜಕಣ ಉದುರಿಸುತ್ತದೆ. ಮೇ ತಿಂಗಳ ಮಳೆಗೆ ಶುರುವಾದ ಸೋಂಕು ನವೆಂಬರಿನೊಳಗೆ ನಾಲ್ಕೈದು ತಲೆಮಾರು ಕಾಣುತ್ತದೆ. ಗಿಡದ ಒಂದು ತಲೆಮಾರಿಗೆ ಬೀಜದಿಂದ ಫಸಲಿನ ತನಕ ಮೂರ್ನಾಲ್ಕು ವರ್ಷ ಬೇಕು. ಓಟ ಶುರುವಾಗುವ ಮೊದಲೇ ಯಾರು ಮುಂದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಎರಡು ಸಲ ಮುರಿದ ಬೀಗ

ಬಾಬಾಬುಡನ್‌ಗಿರಿಯ ಸುತ್ತ ಮೊದಲಿಗೆ ಇದ್ದ 'ಚಿಕ್' ಕಾಫಿಯನ್ನು ತುಕ್ಕು ಮತ್ತು ಬಿಳಿ ಕಾಂಡಕೊರಕ ಸೇರಿ ಮುಗಿಸಿದವು. ಅದರ ಜಾಗಕ್ಕೆ ಬಂದ 'ಕೂರ್ಗ್' ತಳಿಯೂ ತುಕ್ಕಿಗೆ ಸೋತಿತು. 1911ರಲ್ಲಿ ಮೈಸೂರು ಸೀಮೆಯ ಬೆಳೆಗಾರ ಕೆಂಟ್ ಎಂಬವರು ತಮ್ಮ ತೋಟದಲ್ಲಿ ಸುತ್ತಲಿನ ಗಿಡಗಳು ಎಲೆ ಉದುರಿಸಿದ್ದರೂ ಹಸುರಾಗಿದ್ದ ಗಿಡವನ್ನು ಗುರುತಿಸಿ ಬೀಜ ಮಾಡಿದರು. ಅದೇ ಕೆಂಟ್ಸ್. ಮುಂದಿನ ವರ್ಷಗಳಲ್ಲಿ ಮೈಸೂರಿನ ಗುಡ್ಡಗಳಲ್ಲಿ ಕೆಂಟ್ಸ್ ನೆಡದ ದೊಡ್ಡ ಬೆಳೆಗಾರರು ಕಡಿಮೆ. 1920ರ ದಶಕ ಮುಗಿಯುವಷ್ಟರಲ್ಲಿ ಕೆಂಟ್ಸ್ ಎಲೆಯ ಅಡಿಯಲ್ಲೂ ಕಿತ್ತಳೆ ಪುಡಿ ಕಂಡಿತು.

ಅಂದಿನ ದೂರು ಇಂದಿನದಕ್ಕಿಂತ ಬೇರೆಯಾಗಿರಲಿಕ್ಕಿಲ್ಲ. ಆದರೆ ಉತ್ತರ ಹುಡುಕುವ ಜಾಗ ಆ ಹೊತ್ತಿಗೆ ತಯಾರಾಗಿತ್ತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆದಿತ್ತು. ಅಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ ಬೇರೆ ಬೇರೆ ಗಿಡಗಳ ಮೇಲಿನ ತುಕ್ಕನ್ನು ಬೇರೆ ಬೇರೆಯಾಗಿಯೇ ಬೆಳೆಸಿ, ಕೂರ್ಗ್ ಮೇಲೂ ಕೆಂಟ್ಸ್ ಮೇಲೂ ಸಿಂಪಡಿಸಿ ನೋಡಿದರು. ಒಂದು ಬಗೆಯ ತುಕ್ಕು ಕೂರ್ಗ್ ಮೇಲೆ ಬೆಳೆಯಿತು, ಕೆಂಟ್ಸ್ ಮೇಲೆ ಬೆಳೆಯಲಿಲ್ಲ. ಇನ್ನೊಂದು ಎರಡರ ಮೇಲೂ ಬೆಳೆಯಿತು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ, ನಡವಳಿಕೆಯಲ್ಲಿ ಬೇರೆ. 1932ರಲ್ಲಿ ಇದು ಪ್ರಕಟವಾಯಿತು. ಕಾಫಿ ತುಕ್ಕಿನಲ್ಲಿ 'ರೇಸ್'ಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಭದ್ರೆಯ ದಡದ ಈ ಊರಿನಿಂದ. ನಮ್ಮ ಶಾಲೆಯ ಪುಸ್ತಕಗಳು ವಿಕಾಸಕ್ಕೆ ಉದಾಹರಣೆಯಾಗಿ ಇಂಗ್ಲೆಂಡಿನ ಪತಂಗವನ್ನು ತೋರಿಸುತ್ತವೆ, ಬಾಳೆಹೊನ್ನೂರಿನ ಹೆಸರು ಎತ್ತುವುದಿಲ್ಲ. ಇರಲಿ.

ರೇಸ್‌ಗಳ ಲೆಕ್ಕ ಬೀಗ–ಕೀಲಿಯ ಲೆಕ್ಕ. ಗಿಡದ ಒಂದು ನಿರೋಧಕ ಜೀನ್ ತುಕ್ಕಿನ ಒಂದು ನಿರ್ದಿಷ್ಟ ಗುರುತನ್ನು ಕಂಡುಹಿಡಿಯುತ್ತದೆ. ಕಂಡುಹಿಡಿದ ಕೂಡಲೇ ಆ ಜಾಗದ ಜೀವಕೋಶ ತಾನೇ ಸತ್ತು ಶಿಲೀಂಧ್ರಕ್ಕೆ ಊಟ ಸಿಗದಂತೆ ಮಾಡುತ್ತದೆ. ತುಕ್ಕಿನಲ್ಲಿ ಆ ಗುರುತಿನ ಜೀನ್ ಕೆಟ್ಟುಹೋದರೆ ಗಿಡಕ್ಕೆ ಕಳ್ಳ ಬಂದದ್ದೇ ತಿಳಿಯುವುದಿಲ್ಲ. ಅಂದರೆ ತುಕ್ಕು ಗಳಿಸುವುದು ಹೊಸ ಆಯುಧವನ್ನಲ್ಲ, ಕಳೆದುಕೊಳ್ಳುವುದು ಹಳೆಯ ಗುರುತುಚೀಟಿಯನ್ನು. ಗಿಡದ ಬೀಗಗಳಿಗೆ ಎಸ್‌ಎಚ್ 1, 2, 3 ಎಂದು ಹೆಸರಿದೆ. ಕೆಂಟ್ಸ್‌ನ ಬೀಗ ಎಸ್‌ಎಚ್ 2. ಅದನ್ನು ತೆರೆಯಲಾರದ್ದು ರೇಸ್ 2, ತೆರೆದದ್ದು ರೇಸ್ 1. ಈ ಸಂಖ್ಯೆಗಳು ತಲೆ ತಿರುಗಿಸುತ್ತವೆ, ನಿಜ. ಕಂಡ ಕ್ರಮದಲ್ಲಿ ಕೊಟ್ಟ ನಂಬರು ಅವು, ಬಲದ ಕ್ರಮದಲ್ಲಿ ಕೊಟ್ಟದ್ದಲ್ಲ.

ಈಗ 795ಕ್ಕೆ ಬರೋಣ. ಅರೇಬಿಕಾ ಮತ್ತು ಲಿಬೆರಿಕಾ ತಾವಾಗಿ ಬೆರೆತು ಹುಟ್ಟಿದ ಎಸ್. 26 ಎಂಬ ಗಿಡದಿಂದ ಎಸ್. 288 ಬಂತು. ಅದರಲ್ಲಿ ಲಿಬೆರಿಕಾದಿಂದ ಬಂದ ಎಸ್‌ಎಚ್ 3 ಇತ್ತು. ಎಸ್. 288ಕ್ಕೆ ಕೆಂಟ್ಸ್ ಬೆರೆಸಿ ಮಾಡಿದ್ದು ಎಸ್. 795. 1940ರ ದಶಕದ ನಡುವೆ ಇದು ಬೆಳೆಗಾರರ ಕೈಗೆ ಸಿಕ್ಕಿತು. ಕಾಗದದ ಮೇಲೆ ಇದಕ್ಕೆ ಎರಡು ಬೀಗ: ಕೆಂಟ್ಸ್‌ನ 2, ಲಿಬೆರಿಕಾದ 3. ಆದರೆ ಬಿಡುಗಡೆಯಾದ ದಿನವೇ ಎಸ್‌ಎಚ್ 2ರ ಕೀಲಿ ಇದೇ ಗುಡ್ಡಗಳ ಗಾಳಿಯಲ್ಲಿ ಹಾರಾಡುತ್ತಿತ್ತು. ಕೆಂಟ್ಸ್ ತೋಟಗಳು ಅದನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಾಕಿದ್ದವು. ಹಾಗಾಗಿ ಬಾಗಿಲಿಗೆ ನಿಜವಾಗಿ ಇದ್ದದ್ದು ಒಂದೇ ಬೀಗ. ಮುಂದೆ ಎಸ್‌ಎಚ್ 2 ಮತ್ತು 3 ಎರಡನ್ನೂ ದಾಟುವ ರೇಸ್ 8 ಕಂಡಾಗ ಅದು ಶೂನ್ಯದಿಂದ ಎದ್ದು ಬರಬೇಕಾಗಿರಲಿಲ್ಲ. ರೇಸ್ 1ಕ್ಕೆ ಒಂದು ಹೆಜ್ಜೆ ಬಾಕಿ ಇತ್ತು, ಅಷ್ಟೇ. ಹೆಜ್ಜೆ ಹೆಜ್ಜೆಯಾಗಿ ನಡೆಯುವ ವಿಕಾಸ ಎಂದರೆ ಇದು. ಹಿಂದಿನ ತಳಿ ಮುಂದಿನ ತಳಿಯ ಸೋಲಿಗೆ ಮೆಟ್ಟಿಲು ಹಾಕಿಕೊಟ್ಟಿತ್ತು.

ಹಾಗಿದ್ದೂ 795 ಇಂದಿಗೂ ತೋಟಗಳಲ್ಲಿ ಉಳಿದಿದೆ. ಕುಡಿದರೆ ರುಚಿ, ಫಸಲು ಸ್ಥಿರ, ಜೊತೆಗೆ ಬೀಗ ಮುರಿದ ಮೇಲೂ ತುಕ್ಕು ಸ್ವಲ್ಪ ನಿಧಾನಕ್ಕೆ ಹಬ್ಬುತ್ತದೆ. 1985ರಲ್ಲಿ ಬಂದ ಗಿಡ್ಡ ತಳಿ ಕಾವೇರಿಗೆ ಈ ಅದೃಷ್ಟ ಇರಲಿಲ್ಲ, ಕೆಲವೇ ವರ್ಷಗಳಲ್ಲಿ ತುಕ್ಕು ಹತ್ತಿತು. 2007ರಲ್ಲಿ ಬಂದ ಚಂದ್ರಗಿರಿಯ ನಿರೋಧಕ ಶಕ್ತಿಯ ಮೂಲವೂ ಕಾವೇರಿಯ ಮೂಲವೂ ಒಂದೇ, ತಿಮೋರ್ ದ್ವೀಪದಲ್ಲಿ ಅರೇಬಿಕಾ–ರೊಬಸ್ಟಾ ತಾವಾಗಿ ಬೆರೆತ ಗಿಡ. ಇದನ್ನು ಮರೆತು "ಚಂದ್ರಗಿರಿಗೆ ಔಷಧಿ ಬೇಡ" ಎನ್ನುವವರಿದ್ದಾರೆ.

ತುಕ್ಕು ಕಲಿತದ್ದೇನೂ ಇಲ್ಲ

"ಶಿಲೀಂಧ್ರ 795ಕ್ಕೆ ಹೊಂದಿಕೊಳ್ಳೋದು ಕಲಿತುಬಿಟ್ಟಿದೆ" ಎಂಬ ಮಾತು ಕೃಷಿ ತರಬೇತಿಗಳಲ್ಲೂ ಕೇಳುತ್ತದೆ. ಅದು ತಪ್ಪು ಚಿತ್ರ. ಚಿಕ್ಕಮಗಳೂರು, ಹಾಸನದಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಜರಡಿ ನೋಡಿದವರಿಗೆ ಸರಿಯಾದ ಚಿತ್ರ ಹೇಳಿಕೊಡಬೇಕಾಗಿಲ್ಲ. ಜರಡಿ ದಪ್ಪ ಬೀಜವನ್ನು ಹುಟ್ಟಿಸುವುದಿಲ್ಲ, ರಾಶಿಯಲ್ಲಿ ಮೊದಲೇ ಇದ್ದದ್ದನ್ನು ಬೇರೆ ಮಾಡುತ್ತದೆ. ನಿರೋಧಕ ತಳಿ ಒಂದು ಜರಡಿ. ಒಂದು ವ್ಯತ್ಯಾಸ ಮಾತ್ರ: ಕಾಫಿ ಜರಡಿಯಲ್ಲಿ ಉಳಿದ ಬೀಜ ಅಷ್ಟಕ್ಕೇ ನಿಲ್ಲುತ್ತದೆ, ಇಲ್ಲಿ ಉಳಿದ ಒಂದು ಕಣ ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಆಗುತ್ತದೆ.

ರಾಶಿ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಅಂದಾಜು ಹಾಕಿ ನೋಡಬಹುದು. ಒಂದು ಎಕರೆ, ಆರಡಿಗೆ ಆರಡಿ ಅಂತರ, 1,210 ಗಿಡ. ಗಿಡಕ್ಕೆ 100 ಎಲೆಗೆ ರೋಗ, ಎಲೆಗೆ ಐದು ಮಚ್ಚೆ ಎಂದುಕೊಂಡರೆ ಸುಮಾರು ಆರು ಲಕ್ಷ ಮಚ್ಚೆ. ಮಚ್ಚೆಗೆ ಮೂರು ಲಕ್ಷ ಬೀಜಕಣದಂತೆ ಎಕರೆಗೆ 18 ಸಾವಿರ ಕೋಟಿ ಬೀಜಕಣ. ಒಂದು ನಿರ್ದಿಷ್ಟ ಜೀನ್ ಕೆಡುವ ಸಂಭವ ಹತ್ತು ಲಕ್ಷಕ್ಕೆ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಒಂದೇ ಎಕರೆಯಲ್ಲಿ, ಒಂದೇ ಹಂಗಾಮಿನಲ್ಲಿ ಆ ಜೀನ್ ಕೆಟ್ಟ ಬೀಜಕಣ 1.8 ಲಕ್ಷ.

ಹಾಗಾದರೆ ಹೊಸ ತಳಿ ಒಂದೇ ವರ್ಷದಲ್ಲಿ ಏಕೆ ಸೋಲುವುದಿಲ್ಲ? ತುಕ್ಕಿನ ಬೀಜಕಣದೊಳಗೆ ಎರಡು ಕೋಶಕೇಂದ್ರಗಳಿವೆ. ಒಂದರಲ್ಲಿ ಗುರುತಿನ ಜೀನ್ ಕೆಟ್ಟರೂ ಇನ್ನೊಂದರಲ್ಲಿ ಸರಿಯಿದ್ದರೆ ಗಿಡ ಹಿಡಿದುಬಿಡುತ್ತದೆ. ಎರಡೂ ಕೆಡಬೇಕು. ಅರ್ಧ ಕೆಟ್ಟ ಕಣಗಳು ಸೂಕ್ಷ್ಮ ತಳಿಯ, ಅಂದರೆ ಆ ಬೀಗವಿಲ್ಲದ, ಗಿಡಗಳ ಮೇಲೆ ಯಾವ ತೊಂದರೆಯೂ ಇಲ್ಲದೆ ಬೆಳೆದು ಹೆಚ್ಚುತ್ತವೆ, ಅವುಗಳಲ್ಲಿ ಯಾವುದೋ ಒಂದರಲ್ಲಿ ಉಳಿದರ್ಧವೂ ಕೆಡುತ್ತದೆ. ಬೇಲಿ ಸಾಲಿನಲ್ಲಿ, ಹಳ್ಳದ ಬದಿಯಲ್ಲಿ ಯಾರೂ ಔಷಧಿ ಹೊಡೆಯದ ನಾಲ್ಕು ಹಳೇ ಕಾಫಿ ಗಿಡ ಬಿಟ್ಟಿರುತ್ತಾರಲ್ಲ, ಅದು ಈ ತಯಾರಿಗೆ ಹೇಳಿ ಮಾಡಿಸಿದ ಶಾಲೆ. ಇನ್ನೊಂದು ಶಾಲೆ 795ರ ಒಳಗೇ ಇದೆ. ತಳಿ ಪೂರ್ತಿ ಶುದ್ಧವಲ್ಲದ್ದರಿಂದ ಕೆಲವು ಗಿಡಗಳಿಗೆ ಎಸ್‌ಎಚ್ 3 ಇರುವುದೇ ಇಲ್ಲ.

ರೊಬಸ್ಟಾದಲ್ಲಿ ಈ ರೋಗ ಅಷ್ಟು ಗಲಾಟೆ ಮಾಡದಿರಲು ಒಂದು ಕಾರಣ ಇಲ್ಲೇ ಇದೆ. ಅದು ಪರಾಗಕ್ಕೆ ಬೇರೆ ಗಿಡವನ್ನೇ ಅವಲಂಬಿಸಿದ್ದರಿಂದ ಬೀಜದಿಂದ ಬಂದ ಒಂದೊಂದು ಗಿಡವೂ ಬೇರೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಎಕರೆಗೆ 1,210 ಬಾಗಿಲು, ಹೆಚ್ಚುಕಮ್ಮಿ ಎಲ್ಲಕ್ಕೂ ಒಂದೇ ಬೀಗ.

ತಳಿಯ ತಪ್ಪೋ, ರೇಸ್‌ನ ಕೆಲಸವೋ: ಪರೀಕ್ಷೆ

ತೋಟದಲ್ಲಿ ಮೊದಲ ಸುಳಿವು ರೋಗದ ನಕ್ಷೆ. ರೋಗದ ಗಿಡಗಳು ಎಲ್ಲೆಡೆ ಒಂದೊಂದಾಗಿ ಚದುರಿದ್ದು, ಪಕ್ಕದ ಗಿಡ ವರ್ಷ ವರ್ಷವೂ ಶುದ್ಧವಾಗಿದ್ದರೆ ಬೀಜದ ಮೇಲೆ ಸಂಶಯಪಡಬಹುದು. ನೆರಳು ಹೆಚ್ಚಿರುವ, ಗಾಳಿಯಾಡದ ಒಂದು ಮೂಲೆಯಿಂದ ಹೊರಟು ವರ್ಷದಿಂದ ವರ್ಷಕ್ಕೆ ಹರಡುತ್ತಿದ್ದರೆ ರೇಸ್ ಬದಲಾಗಿದೆ ಎನ್ನಬಹುದು. ಹಿಂದಿನ ವರ್ಷ ಫಸಲು ಹೊತ್ತು ಸೊರಗಿದ ಗಿಡದಲ್ಲೂ ರೋಗ ಜಾಸ್ತಿ, ಅದನ್ನು ಬೇರೆ ಮಾಡಿಯೇ ನೋಡಬೇಕು.

ಖಚಿತ ಉತ್ತರಕ್ಕೆ ಎಲೆ ಬಿಲ್ಲೆ ಪರೀಕ್ಷೆ ಬೇಕು. ಕೂರ್ಗ್‌ನಂಥ ಸೂಕ್ಷ್ಮ ತಳಿ, ಕೆಂಟ್ಸ್, ಎಸ್. 288, 795, ತಿಮೋರ್ ಮೂಲದ ಒಂದು ಗಿಡ, ಹೀಗೆ ಐದು ಬಗೆಯಿಂದ ಎಲೆ ತರಬೇಕು. ತುದಿಯ ಎಳೆ ಜೋಡಿ ಬೇಡ, ಮುದಿ ಎಲೆಯೂ ಬೇಡ, ಎರಡನೆಯ ಅಥವಾ ಮೂರನೆಯ ಜೋಡಿ ಸರಿ. ಸುಮಾರು ಎರಡು ಸೆಂಟಿಮೀಟರಿನ ಬಿಲ್ಲೆ ಕತ್ತರಿಸಿ, ನೀರು ಕುಡಿಸಿದ ಸ್ಪಂಜಿನ ಮೇಲೆ ಅಡಿಭಾಗ ಮೇಲಕ್ಕೆ ಬರುವಂತೆ ಜೋಡಿಸಿ, ನೀರಲ್ಲಿ ಕದಡಿದ ಬೀಜಕಣವನ್ನು ಒಂದೊಂದು ಹನಿ ಇಡಬೇಕು. ಮುಚ್ಚಳ ಹಾಕಿ ಒಂದು ದಿನ ಪೂರ್ತಿ ಕತ್ತಲು, 22 ಡಿಗ್ರಿ ಆಸುಪಾಸು. ಮರುದಿನ ಹನಿ ಆರಿಸಿ, ಬಿಸಿಲು ಬೀಳದ ಬೆಳಕಿನಲ್ಲಿ ಐದಾರು ವಾರ ಇಡಬೇಕು. ಮೂರನೆಯ ವಾರದಿಂದ ವಾರಕ್ಕೆರಡು ಸಲ ನೋಡಿದರೆ ಸಾಕು.

ಓದುವುದು ಹೀಗೆ. ಕೂರ್ಗ್ ಮೇಲೆ ಮಾತ್ರ ಕಿತ್ತಳೆ ಪುಡಿ ಬಂದರೆ ಹಳೆಯ ರೇಸ್ 2ರ ನಡವಳಿಕೆ. ಕೂರ್ಗ್ ಮತ್ತು ಕೆಂಟ್ಸ್ ಮೇಲೆ ಬಂದು 288, 795 ಮೇಲೆ ಬರದಿದ್ದರೆ ರೇಸ್ 1. ಕೂರ್ಗ್, ಕೆಂಟ್ಸ್, 288, 795 ನಾಲ್ಕರ ಮೇಲೂ ಬಂದು ತಿಮೋರ್ ಮೂಲದ್ದರ ಮೇಲೆ ಬರದಿದ್ದರೆ ರೇಸ್ 8ರ ಕಡೆಯದ್ದು. ಅಂತಿಮ ಹೆಸರಿಡಲು ಇನ್ನೂ ಹೆಚ್ಚು ಪರೀಕ್ಷಾ ಗಿಡಗಳು ಬೇಕು. ಪೋರ್ಚುಗಲ್‌ನ ಓಯಿರಾಸ್‌ನಲ್ಲಿ 1955ರಲ್ಲಿ ಶುರುವಾದ ಕಾಫಿ ತುಕ್ಕು ಕೇಂದ್ರ ಹೀಗೆ ಗುರುತಿಸಿದ ರೇಸ್‌ಗಳು ಈಗ 50 ದಾಟಿವೆ.

ಕೆಡುವುದು ಎಲ್ಲಿ? ಹೆಚ್ಚಾಗಿ ಬೀಜಕಣ ತರುವಲ್ಲೇ. ಹತ್ತು ಎಲೆಯ ಪುಡಿಯನ್ನು ಒಂದೇ ಪೊಟ್ಟಣಕ್ಕೆ ಉದುರಿಸಿದರೆ ಎರಡು ರೇಸ್ ಬೆರೆತು, ಇಲ್ಲದ ಬಲಿಷ್ಠ ರೇಸ್ ಒಂದು ಇರುವಂತೆ ತೋರುತ್ತದೆ. ಒಂದೇ ಮಚ್ಚೆಯ ಪುಡಿ ತೆಗೆದು ಸೂಕ್ಷ್ಮ ತಳಿಯ ಮೇಲೆ ಒಮ್ಮೆ ಬೆಳೆಸಿ ಹೆಚ್ಚಿಸಿಕೊಂಡೇ ಪರೀಕ್ಷೆಗೆ ಇಳಿಯಬೇಕು. ಕೂರ್ಗ್ ಬಿಲ್ಲೆಯ ಮೇಲೂ ಏನೂ ಬರದಿದ್ದರೆ ಬೀಜಕಣ ಸತ್ತಿತ್ತು ಎಂದರ್ಥ, ಆ ಸುತ್ತಿನ ಫಲಿತಾಂಶ ಪೂರ್ತಿ ಎಸೆಯಬೇಕು. ಮಚ್ಚೆಯ ಮೇಲೆ ಬಿಳಿ ಹತ್ತಿಯಂಥದ್ದು ಹರಡಿದ್ದರೆ ಅದು ತುಕ್ಕನ್ನೇ ತಿನ್ನುವ ಇನ್ನೊಂದು ಶಿಲೀಂಧ್ರ, ಆ ಎಲೆ ಪರೀಕ್ಷೆಗೆ ಬರುವುದಿಲ್ಲ. ಇನ್ನೊಂದು ಎಡವಟ್ಟು ಹಳದಿ ಚುಕ್ಕೆಯನ್ನು ರೋಗವೆಂದು ಬರೆದುಕೊಳ್ಳುವುದು. ಪುಡಿ ಬರದ ಹಳದಿ ಚುಕ್ಕೆ ಗಿಡ ಗೆದ್ದದ್ದರ ಗುರುತೂ ಆಗಿರಬಹುದು.

ಇದು ಹೊಸ ಪ್ರಭೇದವೇ?

ರೇಸ್ 8 ಹೊಸ ಪ್ರಭೇದವಲ್ಲ. ಜಾತಿ ಅದೇ, ಒಂದೆರಡು ಜೀನ್ ಬೇರೆ. ವಿಕಾಸವನ್ನು ಒಪ್ಪದವರು "ಬೂಷ್ಟು ಬೂಷ್ಟಾಗಿಯೇ ಉಳಿಯಿತಲ್ಲ" ಎಂದು ಇಲ್ಲಿಯೇ ವಾದ ನಿಲ್ಲಿಸುತ್ತಾರೆ. ಅವರಿಗೆ ಉತ್ತರ ಅದೇ ತೋಟದ ಗಿಡದಲ್ಲಿದೆ. ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ರೊಬಸ್ಟಾದ ಪೂರ್ವಜರೂ ಯೂಜಿನಿಯಾಯ್ಡಿಸ್ ಎಂಬ ಆಫ್ರಿಕಾದ ಇನ್ನೊಂದು ಕಾಫಿಯೂ ಬೆರೆತು, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಉಳಿದದ್ದರಿಂದ ಅರೇಬಿಕಾ ಎಂಬ ಪ್ರಭೇದ ಹುಟ್ಟಿತು. ಹಾಗೆ ಹುಟ್ಟಿದ್ದು ಬೆರಳೆಣಿಕೆಯ ಗಿಡಗಳಿಂದಲಾದ್ದರಿಂದ ಅದರೊಳಗೆ ವೈವಿಧ್ಯ ಮೊದಲಿಂದಲೂ ಕಡಿಮೆ. ಯೆಮೆನ್ ದಾಟಿ ಹೊರಬಂದದ್ದು ಅದರಲ್ಲೂ ಒಂದು ಹಿಡಿ. ಏಳು ಬೀಜದ ಬಾಬಾಬುಡನ್ ಕಥೆ ಐತಿಹ್ಯವಿರಬಹುದು, ಆದರೆ ತಳಿಶಾಸ್ತ್ರ ಹೇಳುವುದೂ ಅದಕ್ಕೆ ದೂರವಿಲ್ಲ. ಹೊಸ ಬೀಗ ಬೇಕಾದಾಗಲೆಲ್ಲ ಲಿಬೆರಿಕಾ, ರೊಬಸ್ಟಾಗಳ ಮನೆಗೆ ಹೋಗಿ ಸಾಲ ತರಬೇಕಾಗಿ ಬಂದದ್ದು ಇದಕ್ಕೇ.

ತುಕ್ಕಿನಲ್ಲೂ ಒಡೆಯುವ ಸೂಚನೆಗಳಿವೆ. ವರ್ಣತಂತು ದುಪ್ಪಟ್ಟಾಗದ ಕಾಫಿಗಳ ಮೇಲಿನ ತುಕ್ಕು ಮತ್ತು ಅರೇಬಿಕಾ ಮೇಲಿನ ತುಕ್ಕು ಡಿಎನ್‌ಎಯಲ್ಲಿ ಬೇರೆ ಬೇರೆ ಕವಲುಗಳಾಗಿ ಕಾಣುತ್ತವೆ. ಹೊರನೋಟಕ್ಕೆ ಮಾತ್ರ ಎರಡೂ ಅದೇ ಅರ್ಧ ನುಣುಪಿನ ಕಿತ್ತಳೆ ತೊಳೆ.

ತೋಟದಲ್ಲಿ ಇದರಿಂದ ಬದಲಾಗುವ ಕೆಲಸ

ಔಷಧಿ ಎಂದರೆ ರೋಗ ಕಡಿಮೆ ಮಾಡುವುದಷ್ಟೇ ಅಲ್ಲ, ಮೇಲಿನ 18 ಸಾವಿರ ಕೋಟಿಯ ಅಂದಾಜಿನಲ್ಲಿ ಸೊನ್ನೆಗಳನ್ನು ಅಳಿಸುವುದೂ ಹೌದು. ಹಾಗಾಗಿ ನಿರೋಧಕ ತಳಿಗೂ ಮುಂಗಾರಿಗೆ ಮುಂಚೆ ಒಂದು ಸುತ್ತು ಬೋರ್ಡೋ ದಂಡವಲ್ಲ. ಅರ್ಧ ಶೇಕಡಾ ದ್ರಾವಣಕ್ಕೆ 200 ಲೀಟರಿನ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣದ ಗುಣ ನೋಡಿಕೊಂಡು ಹೆಚ್ಚುಕಮ್ಮಿ ಮಾಡಬೇಕು. ಎರಡನ್ನೂ ಬೇರೆ ಬೇರೆ ಕರಗಿಸಿ, ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಚಿಗುರು ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು. ಎಲೆಯ ಅಡಿ ತೋಯಬೇಕು. ಎಲೆಯ ಮೇಲ್ಭಾಗಕ್ಕಷ್ಟೇ ನೀಲಿ ಬಳಿದು ಹೋದರೆ ಕೂಲಿ ದಂಡ.

ತಾಮ್ರ 140 ವರ್ಷದಿಂದ ಕೆಲಸ ಮಾಡುತ್ತಿರುವುದಕ್ಕೆ ಕಾರಣ ಅದು ಶಿಲೀಂಧ್ರಕ್ಕೆ ಹತ್ತಾರು ಕಡೆ ಏಟು ಕೊಡುವುದು. ಎಲ್ಲ ಕಡೆಯೂ ಒಟ್ಟಿಗೆ ಬದಲಾಗುವುದು ಕಷ್ಟ. ಒಳಸೇರುವ ಟ್ರಯಜೋಲ್ ಔಷಧಿಗಳು, ಉದಾಹರಣೆಗೆ ಹೆಕ್ಸಕೊನಜೋಲ್, ಏಟು ಕೊಡುವುದು ಒಂದೇ ಕಿಣ್ವಕ್ಕೆ. ಅಲ್ಲಿಯೂ ಜರಡಿ ಶುರುವಾಗುತ್ತದೆ. ರೋಗ ಕಂಡ ಮೇಲೆ ಮಳೆ ಬಿಡುವಿನಲ್ಲಿ ಒಂದು ಸುತ್ತು ಅದನ್ನು ಬಳಸಿ, ಮತ್ತೆ ತಾಮ್ರಕ್ಕೆ ಮರಳುವುದು ಲೇಸು. ಅದನ್ನೇ ವರ್ಷಕ್ಕೆ ಮೂರು ಸಲ ಹೊಡೆದರೆ 795ರ ಕಥೆಯನ್ನು ಬಾಟಲಿಯಲ್ಲಿ ಮತ್ತೆ ಶುರು ಮಾಡಿದಂತೆ.

ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮತ್ತು ಚಿಗುರು ತೆಗೆಯುವುದನ್ನು ಬಿಡಬಾರದು. ಬೆಳಿಗ್ಗೆ ಎಲೆ ಬೇಗ ಆರಿದರೆ ಮೊಳೆಯುವ ಬೀಜಕಣ ಕಡಿಮೆ, ಇದು ಯಾವ ರೇಸ್‌ಗೂ ಅನ್ವಯ. ಮರುನಾಟಿ ಮಾಡುವಾಗ ಇಡೀ ತೋಟಕ್ಕೆ ಒಂದೇ ತಳಿ ಹಾಕದೆ, ಬೇರೆ ಬೇರೆ ಮೂಲದ ನಿರೋಧಕ ಶಕ್ತಿ ಇರುವ ತಳಿಗಳನ್ನು ಪಟ್ಟಿ ಪಟ್ಟಿಯಾಗಿ ಹಾಕುವುದು ಮೇಲು. ಕಾವೇರಿ ಮತ್ತು ಚಂದ್ರಗಿರಿ ಹಾಕಿದರೆ ಎರಡು ಹೆಸರಾಯಿತು, ಎರಡು ಮೂಲವಾಗಲಿಲ್ಲ. ಬೀಜವನ್ನು ಸ್ವಂತ ತೋಟದ ಕಣದಿಂದ ಎತ್ತಬಾರದು. ಅರೇಬಿಕಾ ಸ್ವಪರಾಗದ್ದಾದರೂ ಹತ್ತಕ್ಕೆ ಒಂದರಷ್ಟು ಪಕ್ಕದ ಗಿಡದ ಪರಾಗ ಸೇರಬಹುದು.

ಚಂದ್ರಗಿರಿ ಹಾಕಿದವರು ಅಕ್ಟೋಬರಿನಲ್ಲಿ ಒಂದು ದಿನ ಇದಕ್ಕೆಂದೇ ಇಡಬೇಕು. ಹಳ್ಳದ ಬದಿ, ಬೇಲಿ ಸಾಲು, ನೆರಳಿನ ಮೂಲೆ ಮೊದಲು. ಕೆಳಗಿನ ರೆಕ್ಕೆಗಳ (ಅಡ್ಡ ಕೊಂಬೆಗಳ) ಎಲೆ ಮಗುಚಿ ನೋಡಿ, ಪುಡಿ ಕಂಡ ಗಿಡಕ್ಕೆ ಬಣ್ಣ ಹಚ್ಚಿ, ನಂಬರು ಬರೆದಿಡಬೇಕು. ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವತು ಬೀಜಕಣ ಅಲ್ಲೇ ಮೊಳೆತು ಸಾಯುತ್ತದೆ. ಹಳೇ ಪೇಪರಿನಲ್ಲಿ ಒಂದೊಂದೇ ಮಡಚಿ, ಗಿಡದ ನಂಬರು ಬರೆದು, ಮರುದಿನವೇ ಬಾಳೆಹೊನ್ನೂರಿಗೆ ಮುಟ್ಟಿಸಬೇಕು.